ಬಿಟ್ಟುಹೋದ ಎರಡು ಸೊನ್ನೆ

ಅಧ್ಯಕ್ಷತೆ ವಹಿಸಿರುವ ಥೋರಾ ವಿಂಥರ್ ಅವರೇ, ಆರ್ಹೂಸಿನಿಂದ ಬಂದಿರುವ ಅತಿಥಿಗಳೇ, ಸಭಿಕರೇ, ಹಾಗೂ ಇಂದು ನಿವೃತ್ತರಾಗುತ್ತಿರುವ ನಮ್ಮ ಬೋಡಿಲ್ ಕ್ರಾಗ್ ಅವರೇ,

ಮೂವತ್ತೊಂದು ವರ್ಷ ಬೋಡಿಲ್ ನಮ್ಮ ಪ್ರಯೋಗಾಲಯದಲ್ಲಿ ಅಳೆದರು. ಏನನ್ನು? ವೈರಾಣುವಿನ ಪ್ರೋಟೀನಿನ ಒಂದು ಚೂರು ನಮ್ಮ ಜೀವಕೋಶದ ಮೇಲಿರುವ ಕಾವಲು ಅಣುವಿನಲ್ಲಿ ಕೂರುತ್ತದೆಯೋ ಇಲ್ಲವೋ ಎಂಬುದನ್ನು. ಕೂತರೆ ರೋಗನಿರೋಧಕ ಪಡೆಗೆ ಶತ್ರುವಿನ ಸುಳಿವು ಸಿಗುತ್ತದೆ. ಲಸಿಕೆಗೆ ಅಂಥ ಚೂರೇ ಬೇಕು. ಚೂರುಗಳೋ ಲಕ್ಷಗಟ್ಟಲೆ, ಅಳೆಯಲು ಬೋಡಿಲ್ ಒಬ್ಬರೇ. ಆದ್ದರಿಂದ ಯಾವುದು ಕೂರುತ್ತದೆಂದು ಮೊದಲೇ ಊಹಿಸುವ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ನಾನು ಬರೆದೆ. ಬರೆದವನು ನಾನು, ತಮ್ಮ ಅಳತೆಗಳನ್ನೇ ಅನ್ನವಾಗಿ ಹಾಕಿ ಅದನ್ನು ಸಾಕಿದವರು ಬೋಡಿಲ್. ಹೆಸರು ಯಾರಿಗೆ ಬಂತು? ಕೇಳಬೇಡಿ.

ಬೋಡಿಲ್ ಯೂಟ್ಲೆಂಡಿನ ಪಶ್ಚಿಮ ಕರಾವಳಿಯವರು. ಪ್ರೋಗ್ರಾಂಗೆ ದೊಡ್ಡ ಬಹುಮಾನ ಬಂದ ದಿನ ಅವರೆಂದದ್ದು, "ತೀರಾ ಕೆಟ್ಟದ್ದೇನಲ್ಲ ಬಿಡು." ಅವರ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ನಮ್ಮಲ್ಲಿ ಕೆಲಸದಲ್ಲಿ ತಪ್ಪಿದವರು ಶುಕ್ರವಾರ ಎಲ್ಲರಿಗೂ ಕೇಕು ತರಬೇಕು. ಹನ್ನೊಂದು ವರ್ಷದ ಹಿಂದೆ ಬೋಡಿಲ್ ಸೇಬಿನ ಕೇಕು ತಂದರು. ಏಕೆಂದರೆ ನನ್ನ ಪ್ರೋಗ್ರಾಂ 'ಗಟ್ಟಿಯಾಗಿ ಕೂರುತ್ತದೆ' ಎಂದ ಒಂದು ಚೂರು ಅವರ ಅಳತೆಯಲ್ಲಿ ಕೂರಲೇ ಇಲ್ಲ.

"ಪರೀಕ್ಷೆ ಕೆಡಿಸಿಬಿಟ್ರಲ್ಲ, ಬೋಡಿಲ್," ಎಂದೆ, ಹತ್ತು ಜನರೆದುರು.

"ಕೈ ಕೆಟ್ಟಿರಬಹುದು ಕಣಪ್ಪಾ, ಇಪ್ಪತ್ತು ವರ್ಷ ಆಯ್ತಲ್ಲ," ಎಂದು ಅವರು ಮತ್ತೊಮ್ಮೆ ಅಳೆದರು. ಅದೇ ಉತ್ತರ. "ಕೂರಲ್ಲ ಅಂತಿದೆ, ಆಸ್ಗರ್. ನಾನೇನ್ ಮಾಡ್ಲಿ, ರಟ್ಟೆ ಹಿಡಿದು ಕೂರಿಸ್ಲಾ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಅವರ ಅಂಕಿಯನ್ನು ಅಳಿಸಿದೆ.

ತಪ್ಪು ಎಲ್ಲಿತ್ತು ಗೊತ್ತೇ? ಪ್ರೋಗ್ರಾಂಗೆ ಕಲಿಸಲು ಹಳೆಯ ಲೇಖನವೊಂದರಿಂದ ಅಳತೆಗಳನ್ನು ಟೈಪು ಮಾಡುವಾಗ ಅದೇ ಚೂರಿನ ಅಂಕಿಯ ಕೊನೆಯ ಎರಡು ಸೊನ್ನೆಗಳನ್ನು ನಾನು ಬಿಟ್ಟುಬಿಟ್ಟಿದ್ದೆ. ಈ ಅಳತೆಯಲ್ಲಿ ಅಂಕಿ ಚಿಕ್ಕದಾದಷ್ಟೂ ಹಿಡಿತ ಗಟ್ಟಿ. ನಾನು ಕಲಿಸಿದ ತಪ್ಪನ್ನೇ ಪ್ರೋಗ್ರಾಂ ಗಿಣಿಪಾಠದಂತೆ ನನಗೆ ಒಪ್ಪಿಸಿತ್ತು. ಇದು ನನಗೆ ಇತ್ತೀಚೆಗೆ ತಿಳಿದು... ಇಲ್ಲ. ಹಾಗೆಂದು ಈ ಕಾಗದದಲ್ಲಿ ಬರೆದುಕೊಂಡು ಬಂದಿದ್ದೇನೆ. ಅದು ಸುಳ್ಳು. ಅವರ ಕೇಕು ತಿಂದ ಮೂರನೆಯ ವಾರವೇ ತಿಳಿಯಿತು. ಸದ್ದಿಲ್ಲದೆ ಸೊನ್ನೆಗಳನ್ನು ಸೇರಿಸಿದೆ, ಬೋಡಿಲ್‌ಗೆ ಹೇಳಲಿಲ್ಲ. ಆ ತಿಂಗಳು ಪ್ರಾಧ್ಯಾಪಕ ಹುದ್ದೆಯ ಸಂದರ್ಶನವಿತ್ತು. ಆಮೇಲೆ ಹೇಳಲು ನಾಚಿಕೆಯಾಯಿತು. ಕೇಕು ತರಬೇಕಾದವನು ನಾನಾಗಿದ್ದೆ.

ಅಂದಿನಿಂದ ಬೋಡಿಲ್ ಪ್ರತಿಯೊಂದನ್ನೂ ಮೂರು ಮೂರು ಸಲ ಅಳೆಯತೊಡಗಿದರು. "ನನ್ ಕೈ ಮೇಲೆ ನಂಗೇ ನಂಬಿಕೆ ಇಲ್ಲ," ಎನ್ನುತ್ತಿದ್ದರು. ಹೊಸಬರು ಅದನ್ನು ಶಿಸ್ತು ಎಂದರು. ಈಗ ತಾನೇ ಓದಿದ ಮಾನಪತ್ರದಲ್ಲಿಯೂ ಶಿಸ್ತು ಎಂದೇ ಇದೆ. ಅದನ್ನು ಬರೆದವನು ನಾನೇ.

ಸಭಿಕರೇ, ಈ ವಾರ ಅವರ ಹನ್ನೊಂದು ವರ್ಷದ ದಾಖಲೆ ಪುಸ್ತಕಗಳನ್ನೆಲ್ಲ ತಿರುವಿ ನೋಡಿದೆ. ಮೊದಲ ಅಳತೆ 'ಕೂರುತ್ತದೆ' ಎಂದದ್ದನ್ನು ಮೂರನೆಯದು 'ಕೂರದು' ಎಂದದ್ದು ಎಲ್ಲಿಯೂ ಇಲ್ಲ. ಒಂದೇ ಒಂದು ಪುಟದಲ್ಲಿಯೂ ಇಲ್ಲ.

ಬೋಡಿಲ್, ನಿಮ್ಮ ಕೈ ಒಂದು ದಿನವೂ ಕೆಟ್ಟಿರಲಿಲ್ಲ. ಹನ್ನೊಂದು ವರ್ಷ ನೀವು ಅನುಮಾನಿಸಬೇಕಾಗಿದ್ದದ್ದು ನನ್ನನ್ನು. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಆ ಕೈಯನ್ನಾದರೂ ನಂಬಿ ಮನೆಗೆ ಹೋಗಿ. ಕೇಳಿಸಿಕೊಂಡ ನಿಮ್ಮೆಲ್ಲರಿಗೂ ಋಣಿ. ನಮಸ್ಕಾರ.