ಬಾಮೈದ ಕಟ್ಟಿದ ಆಟದ ಪೆಟ್ಟಿಗೆ

ಬಾಗಿಲು ಮುಂದಕ್ಕೆ ಮಾಡಿ. ದೀಪ ಬೇಕಾದರೆ ಉರಿಯಲಿ... ನನಗೇನೂ ಭಯವಿಲ್ಲ, ನಿಮಗೋಸ್ಕರ ಹೇಳಿದೆ.

ಇದು ನನ್ನ ಸ್ವಂತ ಬಾಮೈದನಿಗೆ ಆದದ್ದು. ಒಂದಕ್ಷರ ಸುಳ್ಳಿದ್ದರೆ ನನ್ನ ಅರ್ಧ ಮೀಸೆ ಬೋಳಿಸಿ.

ಆವತ್ತು ಸಂಜೆ ಅವನ ಫೋನು ಬಂತು.

"ಭಾವ, ಬೇಗ ಬನ್ನಿ. ಜೋರಾಗಿ ಮಾತಾಡಬೇಡಿ."

"ಯಾಕಯ್ಯಾ?"

"ಅದಕ್ಕೆ ಕೇಳಿಸುತ್ತೆ..."

ಹೊರಟೆ. ದೆವ್ವದ ಕತೆ ಅಂದಮೇಲೆ ಬಾವಿ ಇರಬೇಕು ಅಂತೀರಿ. ಇದೆ. ಅವನ ಓಣಿಯ ತಿರುವಿನಲ್ಲಿ, ಕಬ್ಬಿಣದ ಜಾಲರಿ ಮುಚ್ಚಿದ ಹಾಳು ಬಾವಿ. ಕತ್ತಲಾಗುತ್ತಿತ್ತು. ಇಣುಕಿ ನೋಡಿದೆ. ಒಂದು ಒಂಟಿ ಚಪ್ಪಲಿ, ಎರಡು ಬಾಟಲಿ. ಮರ್ಯಾದಸ್ಥ ದೆವ್ವ ಯಾವುದೂ ಅಂಥ ಕಡೆ ಸಂಸಾರ ಹೂಡುವುದಿಲ್ಲ. ಮುಂದೆ ನಡೆದೆ.

ಈ ಬಾಮೈದನ ಬಗ್ಗೆ ಎರಡು ಮಾತು. ಟೈರ್ ಅಂಗಡಿಯಲ್ಲಿ ಮ್ಯಾನೇಜರು. ಜನ್ಮದಲ್ಲಿ ಒಂದು ಮೊಳೆ ನೆಟ್ಟಗೆ ಹೊಡೆದವನಲ್ಲ. ಕ್ಯಾಲೆಂಡರ್ ತೂಗುಹಾಕಲು ಹೋಗಿ ಗೋಡೆಯೊಳಗಿನ ನೀರಿನ ಪೈಪು ತೂತು ಮಾಡಿದ ಮಹಾನುಭಾವ. ಇಂಥವನು ಮೂರು ತಿಂಗಳಿಂದ ಒಂದು ಆಟದ ಪೆಟ್ಟಿಗೆ ಕಟ್ಟುತ್ತಿದ್ದ. ಹಿಂದೆ ಗೇಮ್ ಪಾರ್ಲರಿನಲ್ಲಿ ಆಳೆತ್ತರದ ವಿಡಿಯೋ ಗೇಮ್ ಮೆಷಿನ್ ಇರುತ್ತಿತ್ತಲ್ಲ, ಅದರದೇ ಮರಿ. ಮೊಣಕಾಲೆತ್ತರ. ಪ್ಲೈವುಡ್ಡಿನ ಮೈ, ಕೆಟ್ಟ ಲ್ಯಾಪ್‌ಟಾಪಿನಿಂದ ಕಿತ್ತ ಸ್ಕ್ರೀನು, ಒಳಗೆ ಇಸ್ಪೀಟ್ ಎಲೆಯಷ್ಟು ಅಗಲದ ಕಂಪ್ಯೂಟರು. ಜಾಯ್‌ಸ್ಟಿಕ್ಕು ಮತ್ತು ಎರಡು ಬಟನ್ನು ಮಾತ್ರ ಅಸಲಿ. ಅವನ ಮಾವ, ಅಂದರೆ ಹೆಂಡತಿಯ ಅಪ್ಪ, ಎಂದೋ ಮುಚ್ಚಿದ ತನ್ನ ಪಾರ್ಲರಿನ ಹಳೇ ಮೆಷಿನ್ನಿಂದ ಕಳಚಿ ಅಟ್ಟದ ಮೇಲಿಟ್ಟಿದ್ದವು.

ಯಾಕೆ ಕಟ್ಟಿದ? ಹೆಂಡತಿಗೆ ಕೊಡಲು. ಮದುವೆಯಾಗಿ ಅಂದಿಗೆ ಇಪ್ಪತ್ತೆರಡು ವರ್ಷ. ನನ್ನ ತಂಗಿ ಸಮಾನಳಾದ ಆ ಹುಡುಗಿ ಮದುವೆಗೆ ಮುಂಚೆ ಅಪ್ಪನ ಪಾರ್ಲರಿನಲ್ಲಿ ಟೋಕನ್ ಕೊಡುತ್ತಿದ್ದಳು. ಅಲ್ಲಿನ ಮೆಕ್ಯಾನಿಕ್ ಮಾಮ ಆಟದಲ್ಲಿ ಹೊಡೆದಿದ್ದ ಅಂಕದ ದಾಖಲೆ ಯಾರು ಮುರಿಯುತ್ತಾರೋ ಅವರ ಜೊತೆ ಸಿನಿಮಾಗೆ ಬರುತ್ತೇನೆ ಅಂತ ತಮಾಷೆಗೆ ಅಂದಿದ್ದಳಂತೆ. ಇವನು ಮುರಿದನಂತೆ. ಸಿನಿಮಾ ಆಯಿತು, ಮದುವೆಯೂ ಆಯಿತು. ಈ ಪ್ರತಾಪವನ್ನು ಇವನು ಹೇಳದ ಮದುವೆ ಮನೆ ಇಲ್ಲ, ಸಾವಿನ ಮನೆಯೂ ಇಲ್ಲ. ಹೆಣದ ಪಕ್ಕ ಕೂತು "ನಾನು ಫಸ್ಟ್ ಬಂದಿದ್ದೆ" ಅಂದವನು!

ಹೋಗಿ ನೋಡಿದರೆ ಸಾಹೇಬರು ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಾರೆ. ಎದುರಿಗೆ ಪೆಟ್ಟಿಗೆ. ಸ್ಕ್ರೀನಿನಲ್ಲಿ ಅಂಕಗಳ ಪಟ್ಟಿ. ಎಲ್ಲಕ್ಕಿಂತ ಮೇಲೆ ತೊಂಬತ್ತೇಳು ಸಾವಿರದ ನಾನೂರ ಹತ್ತು. ಹೆಸರಿನ ಜಾಗದಲ್ಲಿ ಬರೀ ಮೂರು ಗೆರೆ.

"ಪರವಾಗಿಲ್ವೋ, ಚೆನ್ನಾಗಿ ಆಡಿದ್ದೀಯ."

"ನಾನು ಇನ್ನೂ ಆಡೇ ಇಲ್ಲ ಭಾವ." ಪಿಸುಗುಟ್ಟಿದ. "ಮೂರು ಸಲ ಮೆಮೊರಿ ಕಾರ್ಡು ಅಳಿಸಿ ಹೊಸದಾಗಿ ಹಾಕಿದೆ. ಮತ್ತೆ ಅದೇ ಬರುತ್ತೆ."

"ಇಂಟರ್ನೆಟ್ಟಿಂದ ಬಂದಿರುತ್ತೆ, ಪೆದ್ದೇ."

"ಇಂಟರ್ನೆಟ್ಟು ಕೊಟ್ಟೇ ಇಲ್ಲ..."

ಆಗ ಕೇಳಿಸಿತು. ಟಿಕ್... ಟಕ್.

ಹಳೇ ಬಟನ್ನಿನ ಸದ್ದು. ಒತ್ತಿದರೆ ಟಿಕ್, ಬಿಟ್ಟರೆ ಟಕ್. ಎರಡರ ನಡುವೆ ಒಂದು ಬೆರಳು ತಂಗುವಷ್ಟು ಹೊತ್ತು. ಪೆಟ್ಟಿಗೆಯ ಹತ್ತಿರ ಯಾರೂ ಇಲ್ಲ.

ಟಿಕ್... ಟಕ್.

ನೀವಾಗಿದ್ದರೆ ಓಡುತ್ತಿದ್ದಿರಿ. ನಾನು ಸ್ಕ್ರೂಡ್ರೈವರ್ ಕೇಳಿದೆ. ಕೈ ನಡುಗಲಿಲ್ಲ. ಸ್ಕ್ರೂಡ್ರೈವರ್ ಸ್ವಲ್ಪ ನಡುಗಿತು, ಅಗ್ಗದ ಮಾಲು. ಹಿಂದಿನ ಹಲಗೆ ಬಿಚ್ಚಿದೆ.

ಬಾಮೈದನ ಬೆಸುಗೆ ನಾನು ಹಿಂದಿನ ವಾರ ನೋಡಿದ್ದೆ. ಕಾಗೆ ಹಿಕ್ಕೆ ಹಾಕಿದ ಹಾಗಿತ್ತು. ಈಗ ನೋಡಿದರೆ ಒಂದೊಂದು ಬೆಸುಗೆಯೂ ನೀರ ಹನಿಯ ಹಾಗೆ ಹೊಳೆಯುತ್ತಿದೆ. ವೈರುಗಳನ್ನೆಲ್ಲ ಒಟ್ಟುಮಾಡಿ, ಮೇಣ ಸವರಿದ ನೂಲಿನಿಂದ ಬೆರಳಗಲಕ್ಕೊಂದು ಗಂಟು ಹಾಕಿದೆ. ಆಗಷ್ಟೇ ಬೆಸುಗೆ ಹಾಕಿದ ಹಾಗೆ ಬಿಸಿ ರಾಳದ ವಾಸನೆ.

"ಇದು ನೀನು ಮಾಡಿದ್ದಾ?"

"ನಾನು... ಟೇಪು ಸುತ್ತಿದ್ದೆ."

"ಮತ್ತೆ ಈ ನೂಲು?"

"ಹೀಗೆ ನೂಲು ಕಟ್ಟುತ್ತಿದ್ದದ್ದು ಒಬ್ಬರೇ ಭಾವ. ಮೆಕ್ಯಾನಿಕ್ ಮಾಮ."

"ಅವರು ತೀರಿಕೊಂಡು..."

"ಇಪ್ಪತ್ಮೂರು ವರ್ಷ."

ಆಮೇಲೆ ನಿಜ ಕಕ್ಕಿದ. ಆ ಕಾಲದ ಮೆಷಿನ್ನು ಆರಿಸಿದರೆ ಅಂಕವೆಲ್ಲ ಅಳಿಸಿಹೋಗುತ್ತಿತ್ತಂತೆ. ಅದಕ್ಕೇ ಮಾಮ ಅದನ್ನು ರಾತ್ರಿಯೂ ಆರಿಸಲು ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಾಮ ಊಟಕ್ಕೆ ಹೋದರು. ಹುಡುಗಿ ಟೋಕನ್ ಎಣಿಸುತ್ತಿದ್ದಳು. ಈ ವೀರ ಹಿಂದೆ ಕೈ ಹಾಕಿ ಪ್ಲಗ್ ಕಿತ್ತ. ಮತ್ತೆ ಚುಚ್ಚಿದ. ಆಡಿದ. ಬೇರೆ ಯಾರ ಅಂಕವೂ ಇರಲಿಲ್ಲವಲ್ಲ, ಫಸ್ಟ್ ಬಂದ.

"ಎಷ್ಟು ಹೊಡೆದಿದ್ದೆ?"

"ಮೂರು ಸಾವಿರದ ಚಿಲ್ಲರೆ."

"ಥೂ! ಅಷ್ಟನ್ನ ನಮ್ಮನೆ ಬೆಕ್ಕು ನಿದ್ದೆಯಲ್ಲಿ ಹೊಡೆಯುತ್ತಲ್ಲೋ! ಅವಳು ಅಂಕ ನೋಡಲಿಲ್ವಾ?"

"ಒಂದು ಲಕ್ಷ ಹೊಡೆದೆ, ಅಷ್ಟರಲ್ಲಿ ಮೆಷಿನ್ನು ತಾನಾಗೇ ಆರಿ ಎಲ್ಲಾ ಅಳಿಸಿಹೋಯ್ತು ಅಂದೆ. ಭಾವ, ಅವಳು ಎಂಟು ಗಂಟೆಗೆ ತವರಿಂದ ಬರ್ತಾಳೆ. ಈ ಅಂಕ ನೋಡಿದರೆ ಮುಗೀತು. ಏನಾದರೂ ಮಾಡಿ..."

ಗೇಟು ಸದ್ದು ಮಾಡಿತು. ಕಿರ್ರ್... ಕಟ್.

ಬಾಮೈದ ಹಾರಿ ಪೆಟ್ಟಿಗೆಯ ಮೇಲೆ ಟವೆಲ್ ಎಸೆದ. ಅವಳು ಬ್ಯಾಗು ಹಿಡಿದು ಒಳಗೆ ಬಂದಳು.

"ಏನಣ್ಣ, ಇಬ್ಬರೂ ಕಳ್ಳರ ಹಾಗೆ ನಿಂತಿದ್ದೀರಿ? ಟವೆಲ್ ಕೆಳಗೆ ಏನು?"

ನಾನು ಛಾವಣಿ ನೋಡಿದೆ. ಒಳ್ಳೇ ಛಾವಣಿ.

ಟವೆಲ್ ತೆಗೆದಳು. ನಕ್ಕಳು. ಆಮೇಲೆ ಅಂಕ ಓದಿದಳು... ನಗು ನಿಂತಿತು.

"ಇದು ಮಾಮಂದು."

"ಕಂಪ್ಯೂಟರ್ ತಪ್ಪು ಕಣೇ, ಏನೋ..."

ಪಟ್ಟಿ ತಾನಾಗಿ ಮಾಯವಾಯಿತು. ಆಟ ಶುರುವಾಯಿತು. ಮೇಲಿಂದ ಬೀಳುವ ಬಂಡೆಗಳನ್ನು ಪುಟ್ಟ ವಿಮಾನದಿಂದ ಗುಂಡು ಹೊಡೆದು ಒಡೆಯುವ ಆಟ. ವಿಮಾನ ಕಾಯುತ್ತಾ ನಿಂತಿತು.

"ಕೂತ್ಕೊಳ್ರೀ," ಅಂದಳು. "ಆಡಿ. ನಾನೂ ನೋಡ್ತೀನಿ."

ಕೂತ. ದೆವ್ವ ಈಗ ಇವನ ಮಣಿಕಟ್ಟು ಹಿಡಿಯುತ್ತದೆ, ಜಾಯ್‌ಸ್ಟಿಕ್ಕು ತಿರುಚುತ್ತದೆ ಅಂತ ನಾನು ಕಣ್ಣು ಬಿಟ್ಟು ನೋಡಿದೆ. ಏನೂ ಇಲ್ಲ! ಅದು ಒಂದು ಬೆರಳೂ ಎತ್ತಲಿಲ್ಲ. ಎತ್ತುವ ಅಗತ್ಯವೇ ಬೀಳಲಿಲ್ಲ. ಎಡಕ್ಕೆ ಹೋಗಬೇಕಾದಲ್ಲಿ ಬಲಕ್ಕೆ ಹೋದ, ಬಂಡೆ ಹುಡುಕಿಕೊಂಡು ಹೋಗಿ ಗುದ್ದಿದ. ಒಂದು ನಿಮಿಷಕ್ಕೆ ಆಡಲು ಸಿಗುವ ಮೂರು ವಿಮಾನವೂ ಬೂದಿ. ಎರಡು ಸಾವಿರದ ಎಂಟುನೂರು. ನಾನು ಎಷ್ಟೋ ದೆವ್ವ ನೋಡಿದ್ದೇನೆ, ಮನುಷ್ಯನನ್ನು ಇಷ್ಟು ಕೀಳಾಗಿ ಕಂಡ ದೆವ್ವ ನೋಡಿಲ್ಲ.

ಅವಳು ಅಂಕದಿಂದ ಕಣ್ಣು ತೆಗೆದು ಅವನನ್ನೇ ನೋಡಿದಳು.

"ಪ್ಲಗ್ ಕಿತ್ತೆ," ಅಂದ. "ಮಾಮ ಊಟಕ್ಕೆ ಹೋದಾಗ. ನಾನೇ."

ಟಿಕ್.

ಬಟನ್ನು ಒತ್ತಿಕೊಂಡಿತು. ನಾನು ಟಕ್‌ಗೆ ಕಾದೆ. ಬರಲಿಲ್ಲ.

ಅವಳು ನಿಧಾನವಾಗಿ ಕೂತಳು. "ಮಾಮ ಸಾಯೋ ತನಕ ನನ್ನ ಹತ್ತಿರ ಮಾತಾಡಲಿಲ್ಲ ಗೊತ್ತಾ? ಪಾರ್ಲರಿನ ಬೀಗದ ಕೈ ನನ್ನ ಹತ್ತಿರಾನೇ ಇತ್ತು. ಮೆಷಿನ್ ನಾನೇ ಆರಿಸಿದೆ ಅಂದುಕೊಂಡಿರಬೇಕು. ಯಾಕೆ ಕೋಪ ಅಂತ ನಾನೂ ಕೇಳಲಿಲ್ಲ... ಒಂದು ತಿಂಗಳು ಒಂದೇ ಕೋಣೆಯಲ್ಲಿ ಕೂತಿದ್ವಿ."

ಬಾಮೈದನ ತಲೆ ಎದೆಗೆ ಬಿತ್ತು. ಅವಳು ಸ್ಕ್ರೀನಿನ ಕಡೆ ತಿರುಗಿ, ಮೆಲ್ಲಗೆ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಹೇಳಿದಳು.

"ನಾನಲ್ಲ ಮಾಮ."

ಒಂದು ಉಸಿರು... ಎರಡು...

ಟಕ್.

ಅಷ್ಟೇ. ಆಮೇಲೆ ಆ ಬಟನ್ನು ತಾನಾಗಿ ಸದ್ದು ಮಾಡಿದ್ದಿಲ್ಲ.

ಹೆಂಡತಿ ಬಿಟ್ಟು ಹೋದಳಾ ಅಂತ ಕೇಳುತ್ತೀರಿ. ಇಲ್ಲ. ಕಣ್ಣೊರೆಸಿಕೊಂಡು ಎದ್ದು, "ಇಪ್ಪತ್ತೆರಡು ವರ್ಷ ಎಲ್ಲರ ಮನೇಲೂ ಹೇಳಿದ್ದೀರಿ. ಇನ್ನು ಇಪ್ಪತ್ತೆರಡು ವರ್ಷ ಅದೇ ಮನೆಗಳಿಗೆ ಹೋಗಿ ಸರಿಯಾಗಿ ಹೇಳಿ. ನಾನೂ ಜೊತೆಗೆ ಬರ್ತೀನಿ" ಅಂದಳು. ಬರುತ್ತಿದ್ದಾಳೆ. ಹೋದ ತಿಂಗಳು ನಮ್ಮ ಮನೆಗೂ ಬಂದಿದ್ದರು. ಅವನು ಹೇಳಿದ. ಮೂರು ಸಾವಿರವನ್ನು ನಾಲ್ಕು ಸಾವಿರ ಅಂದ, ಅವಳು ಕೆಮ್ಮಿದಳು, ತಿದ್ದಿಕೊಂಡ.

ನನಗೆ? ನನಗೇನೂ ಆಗಲಿಲ್ಲ. ನಾನು ಆರಾಮಾಗಿ ಹೊರಟು ಬಂದೆ. ಮನೆಗೆ ಬಂದು, ಎಷ್ಟು ಹೊತ್ತಾಯಿತು ಅಂತ ಅಭ್ಯಾಸಬಲದಿಂದ ಮಣಿಕಟ್ಟು ನೋಡಿಕೊಂಡೆ. ಈ ಗಡಿಯಾರ ಕೆಟ್ಟು ಆಗಲೇ ನಾಲ್ಕು ವರ್ಷ. ಸೆಲ್ಲು ಸೋರಿದೆ ಅಂತ ಅಂಗಡಿಯವನು ಕಿತ್ತು ಎಸೆದಿದ್ದ. ಶೋಕಿಗೆ ಕಟ್ಟಿಕೊಳ್ಳುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ.

ಒಂಬತ್ತೂ ಇಪ್ಪತ್ತು ತೋರಿಸುತ್ತಿತ್ತು. ಗೋಡೆಯ ಗಡಿಯಾರವೂ ಒಂಬತ್ತೂ ಇಪ್ಪತ್ತು.

ಮಾರನೇ ದಿನ ಅಂಗಡಿಯಲ್ಲಿ ಮುಚ್ಚಳ ತೆಗೆಸಿದೆ. ಸೆಲ್ಲಿನ ಜಾಗ ಖಾಲಿ, ಮುಳ್ಳು ಮಾತ್ರ ಓಡುತ್ತಲೇ ಇತ್ತು. ಹಾಗೇ ಮುಚ್ಚಿಸಿಕೊಂಡು ಬಂದೆ. ನಂಬಲ್ವಾ? ನಡೆದದ್ದನ್ನೇ ಹೇಳಿದ್ದೇನೆ. ಇಗೋ, ಕೈ ಚಾಚಿದ್ದೇನೆ... ಕಿವಿ ಇಟ್ಟು ಕೇಳಿ.