ಪಕ್ಕದ ಮನೆಯ ಪಟಪಟ ಸದ್ದಿನ ಬಗ್ಗೆ

ಹೆಸರು: ಲಿಂಗಮ್ಮ, ಗಂಡನ ಹೆಸರು ಕೃಷ್ಣಪ್ಪ. ವಯಸ್ಸು: ಐವತ್ತೈದು ಇರಬಹುದು. ಕಸುಬು: ಮೊದಲು ಬೇಸಾಯ, ಈಗ ಮನೆಗೆಲಸ. ವಾಸ: ವಿಜಯನಗರ, ಬೆಂಗಳೂರು.

ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ,

ನಾವು ಈಗ ವಾಸವಿರುವ ಜಾಗ ಮೊದಲು ನಮ್ಮದೇ ರಾಗಿ ಹೊಲ. ಹೊಲ ಬಡಾವಣೆಗೆ ಹೋದ ಮೇಲೆ ಅದರಲ್ಲೇ ಒಂದು ಸೈಟು ಕೊಟ್ಟರು. ಇದು ವಾಸದ ಮನೆಗಳ ಜಾಗ, ಇಲ್ಲಿ ದನ ಕಟ್ಟುವಂತಿಲ್ಲ, ವರ್ಕ್‌ಶಾಪು ಇಡುವಂತಿಲ್ಲ, ಮೋಟಾರು ಹಾಕಿ ಮಿಷನ್ ಓಡಿಸುವಂತಿಲ್ಲ ಎಂದು ತಿಳಿಸಿದರು. ನನ್ನ ಯಜಮಾನರು ರೂಲ್ಸು ಅಂದರೆ ರೂಲ್ಸು ಅನ್ನುವ ಜನ. ಕೊನೆಗೆ ಉಳಿದಿದ್ದ ಗೌರಿ ಎಂಬ ಹಸುವನ್ನು ಬ್ಯಾಡರಹಳ್ಳಿಯ ನನ್ನ ತಂಗಿ ಹನುಮಕ್ಕನ ಮನೆಗೆ ತಾವೇ ನಡೆಸಿಕೊಂಡು ಹೋಗಿ ಬಿಟ್ಟು ಬಂದರು. ಅವತ್ತು ಊಟ ಮಾಡಲಿಲ್ಲ. ಆಮೇಲಿಂದ ಬೀದಿಯಲ್ಲಿ ಬೇರೆ ಯಾರಾದರೂ ರೂಲ್ಸು ಮೀರಿದರೆ ಅವರಿಗೆ ಮೈಯೆಲ್ಲ ಉರಿಯುತ್ತದೆ.

ದಸರೆಯ ಹೊತ್ತಿಗೆ ಪಕ್ಕದ ಮನೆಗೆ ಬಾಗಲಕೋಟೆ ಕಡೆಯ ಗುರುಸಿದ್ದಯ್ಯ, ಅವರ ಹೆಂಡತಿ ಬಸವರಾಜೇಶ್ವರಿ, ಮೂವರು ಮೈದುನಂದಿರು ಬಾಡಿಗೆಗೆ ಬಂದರು. ಗಂಡಸರಿಗೆಲ್ಲ ರಾಜಾಜಿನಗರದ ಕಾರ್ಖಾನೆಗಳಲ್ಲಿ ಬೆಳಗಿನ ಪಾಳಿ. ಅವರು ಬಂದಾಗಿನಿಂದ ದಿನಾ ಕೋಳಿ ಕೂಗುವ ಹೊತ್ತಿಗೆ ಆ ಮನೆಯಲ್ಲಿ ಪಟಪಟ ಸದ್ದು ಶುರುವಾಗುತ್ತಿತ್ತು. ಬೆಳಕು ಹರಿಯುವಾಗ ಗಂಡಸರು ಒಂದೊಂದು ಬಟ್ಟೆಯ ಗಂಟು ಹಿಡಿದು ಹೊರಡುತ್ತಿದ್ದರು. ಒಳಗೆ ತಗಡು ಬಡಿಯುವ ಮಿಷನ್ ಇಟ್ಟಿದ್ದಾರೆ, ಗಂಟಿನಲ್ಲಿ ಮಾಲು ಸಾಗಿಸುತ್ತಾರೆ ಎಂದು ಯಜಮಾನರು ತೀರ್ಮಾನ ಮಾಡಿದರು. ನಾನು ಹೋಗಿ ಕೇಳಿ ಬರುತ್ತೇನೆ ಎಂದರೆ, ಹೆಂಗಸರಿಗೆ ಕಾನೂನು ಏನು ಗೊತ್ತು ಎಂದು ನನ್ನ ಬಾಯಿ ಮುಚ್ಚಿಸಿದರು. ಮಂಗಳವಾರ ಇದೇ ಠಾಣೆಗೆ ಬಂದು ದೂರು ಕೊಟ್ಟರು.

ಗುರುವಾರ ಹನ್ನೊಂದು ಗಂಟೆಗೆ ಕಾನ್‌ಸ್ಟೇಬಲ್ ಒಬ್ಬರು ತನಿಖೆಗೆ ಬಂದರು. ಆ ಮನೆಯಲ್ಲಿ ಅಡುಗೆ ಕೋಣೆಯಲ್ಲೇ ಲಿಂಗಪೂಜೆಯ ಜಗುಲಿ ಇದೆ. ಬೂಟು ಬಿಚ್ಚಿ ಒಳಗೆ ಬರಬೇಕೆಂದು ಬಸವರಾಜೇಶ್ವರಿ ಕೇಳಿಕೊಂಡಳು. ಕಾಲಿಗೆ ಸುತ್ತಿದ ಪಟ್ಟಿ ಬಿಚ್ಚಿ, ಬೂಟು ಬಿಚ್ಚಿ, ಮತ್ತೆ ಎಲ್ಲ ಸುತ್ತಿಕೊಳ್ಳುವ ತಾಳ್ಮೆ ಅವರಿಗೆ ಇರಲಿಲ್ಲ. ಹೊಸಿಲಲ್ಲೇ ನಿಂತು, ಒಳಗೆ ನೋಡಲು ಬಿಡಲಿಲ್ಲ ಎಂದು ಬರೆದುಕೊಂಡು ಹೋದರು. ಸಂಜೆ ಮನೆಯ ಮಾಲೀಕರು ಬಂದು, ಇನ್ನೊಂದು ಸಲ ಪೊಲೀಸರು ಬಂದರೆ ಮನೆ ಖಾಲಿ ಮಾಡಬೇಕು ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು.

ಶುಕ್ರವಾರ ಬೆಳಗ್ಗೆ ಸದ್ದು ಬರಲಿಲ್ಲ. ಗೆದ್ದೆ ಎಂದು ಮಲಗಬೇಕಾಗಿದ್ದ ಯಜಮಾನರು, ಹಿಂದೆ ಆ ಹೊತ್ತಿಗೆ ಹಾಲು ಕರೆಯಲು ಏಳುತ್ತಿದ್ದ ಹಾಗೆ ಎದ್ದು ಹೋಗಿ, ಹಿತ್ತಿಲಲ್ಲಿ ಗೌರಿಯನ್ನು ಕಟ್ಟುತ್ತಿದ್ದ ಗೂಟದ ಪಕ್ಕ ಕೂತರು. ಇವತ್ತೂ ಹಾಗೆಯೇ ಆಯಿತು. ಸ್ವಲ್ಪ ಹೊತ್ತಿಗೆ ನನ್ನನ್ನು ಎಬ್ಬಿಸಿ ಆಡಿದ ಮಾತನ್ನು ಇದ್ದಂತೆಯೇ ಬರೆದುಕೊಳ್ಳಬೇಕು: "ಲೇ, ಆ ಕಡೆಯಿಂದ ಸದ್ದೇ ಇಲ್ವಲ್ಲೇ. ಹುಷಾರಿಲ್ವೇನೋ ಆ ಹೆಣ್ಮಗಳಿಗೆ, ಹೋಗಿ ನೋಡ್ಕೊಂಡು ಬಾ."

ನಾನು ಹೋದೆ. ಕದ ಮುಚ್ಚಿತ್ತು, ಕರೆದ ಮೇಲೆ ತೆಗೆದಳು. ಒಲೆಯ ಮೇಲೆ ಹೆಂಚು ಕಾಯುತ್ತಿತ್ತು. ಅವಳು ರೊಟ್ಟಿ ಬಡಿಯುವ ಹಲಗೆಯ ಕೆಳಗೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು, ಕೈ ಎತ್ತದೆ ಜೋಳದ ಹಿಟ್ಟನ್ನು ಒತ್ತುತ್ತಿದ್ದಳು. ರೊಟ್ಟಿಯ ಅಂಚೆಲ್ಲ ಬಿರಿದಿತ್ತು. "ಸಪ್ಪಳ ಆಗಬಾರದಲ್ರೀ ಅಕ್ಕಾರ. ಮನಿ ಬಿಡಸ್ತಾರ ಅಂದ್ರ ಎಲ್ಲಿ ಹೋಗೂಣ್ರಿ?" ಎಂದಳು. ನನ್ನ ಕಣ್ಣಲ್ಲಿ ನೀರು ಬಂತು. ಕಂಬಳಿಯನ್ನು ಎಳೆದು ಮೂಲೆಗೆ ಎಸೆದು, ಬಡಿಯಮ್ಮ ಎಂದೆ. ಅವಳು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಬಡಿದಳು. ಮಾರುತ್ತೀಯಾ ಎಂದೂ ಕೇಳಿದೆ. ಗಂಡ, ಮೈದುನಂದಿರ ಊಟ ಬಿಟ್ಟರೆ ಬೇರೆಯವರಿಗೆ ಮಾಡುವುದಿಲ್ಲವೆಂದಳು. ಗಂಟಿನಲ್ಲಿ ಹೋಗುತ್ತಿದ್ದ ಮಾಲು ಇದೇ.

ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಟ್ಟೆಯಲ್ಲಿ ತಂದು ಯಜಮಾನರ ಮುಂದಿಟ್ಟೆ. ಎಂಥ ಮಿಷನ್ನೇ ಅದು ಎಂದು ಕೇಳಿದರು. ಎರಡು ಕೈಯ ಮಿಷನ್, ಮೋಟಾರಿಲ್ಲ ಎಂದೆ. ಹುಟ್ಟಿದಾಗಿನಿಂದ ಮುದ್ದೆ ಉಂಡ ಮನುಷ್ಯ, ರೊಟ್ಟಿಗೆ ಇಷ್ಟು ಸದ್ದು ಬೇಕೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ತಲೆ ತಗ್ಗಿಸಿಕೊಂಡು ಪೂರ್ತಿ ತಿಂದರು. ಆಮೇಲೆ ಅಂಗಿ ಹಾಕಿಕೊಂಡು, ನಡಿ ಠಾಣೆಗೆ ಎಂದರು.

ಮನೆಯವರ ಊಟಕ್ಕೆ ಮನೆಯಲ್ಲಿ ಮಾಡುವ ಅಡುಗೆ ಯಾವ ರೂಲ್ಸಿಗೂ ವ್ಯಾಪಾರವಲ್ಲ ಎಂದು ಸಾಹೇಬರು ಈಗ ತಿಳಿಸಿದ್ದಾರೆ. ಆದ್ದರಿಂದ ದೂರನ್ನು ಇಲ್ಲಿಗೇ ಮುಗಿಸಿ, ಮನೆಯ ಮಾಲೀಕರಿಗೂ ಹೇಳಿ ಕಳಿಸಬೇಕೆಂದು ಬೇಡುತ್ತೇನೆ. ಯಜಮಾನರು ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ನಾಚಿಕೆಯಿಂದ ಒಳಗೆ ಬರುತ್ತಿಲ್ಲ, ದಯವಿಟ್ಟು ಬೈಯಬೇಡಿ.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ವಿಜಯನಗರ
ದಿನಾಂಕ: 16-2-1974
ಲಿಂಗಮ್ಮನ ಎಡಗೈ ಹೆಬ್ಬೆಟ್ಟಿನ ಗುರುತು

ದೂರುದಾರರನ್ನು ಒಳಗೆ ಕರೆಸಿ, ಹೇಳುವುದೇನಾದರೂ ಇದೆಯೇ ಎಂದು ಕೇಳಲಾಗಿ, ಸ್ವಂತ ಕೈಯಿಂದ ಬರೆದದ್ದು: ನನ್ನ ದೂರು ವಾಪಸ್. ನಾಳೆ ಬೆಳಗ್ಗೆಯೂ ಸದ್ದು ಬರಲಿ. ಅದಿಲ್ಲದೆ ಎದ್ದು ನಾನು ಏನು ಮಾಡಲಿ.
(ಸಹಿ) ಕೃಷ್ಣಪ್ಪ