ನಲವತ್ತು ಹೆಜ್ಜೆ

ಮೂರೂವರೆಗೆ ಹನಿಯಲು ಶುರುವಾದ ಮಳೆ ಐದೇ ನಿಮಿಷಕ್ಕೆ ಎದುರಿನ ಮರವೂ ಕಾಣದಷ್ಟು ಜೋರಾಯಿತು. ಮುಚ್ಚಿಹೋದ ಹಳೇ ಪಂಪುಮನೆಯ ವರಾಂಡಕ್ಕೆ ಮೂವರು ಓಡಿ ಬಂದರು. ಮೊದಲು ಔಷಧಿ ಅಂಗಡಿಯ ಹುಡುಗಿ, ಅವಳ ಹಿಂದೆ ಬ್ಯಾಂಕಿನ ಗುಮಾಸ್ತ, ಕೊನೆಗೆ ಏದುಸಿರು ಬಿಡುತ್ತ ಡ್ರಾಯಿಂಗ್ ಮೇಷ್ಟ್ರು. ಮೂವರ ಕೈಯಲ್ಲೂ ಫೋನು, ಮೂವರ ಚಪ್ಪಲಿಯಲ್ಲೂ ಕೆಸರು. ಹುಡುಗಿ ಮಾತ್ರ ದುಪಟ್ಟಾದೊಳಗೆ ಏನನ್ನೋ ಅವುಚಿಕೊಂಡಿದ್ದಳು.

ಅವರಿಗಿದ್ದದ್ದು ಒಂದೇ ಹುಚ್ಚು, ಜಿಯೋಕ್ಯಾಶಿಂಗ್. ಯಾರೋ ಒಬ್ಬರು ಒಂದು ಪುಟ್ಟ ಡಬ್ಬಿಯನ್ನು ಊರಲ್ಲೆಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶದ ಅಂಕಿಗಳನ್ನು ಅಂತರ್ಜಾಲಕ್ಕೆ ಹಾಕುತ್ತಾರೆ. ಉಳಿದವರು ಫೋನಿನ ಬಾಣ ತೋರಿಸಿದತ್ತ ಹೋಗಿ ಹುಡುಕುತ್ತಾರೆ. ಸಿಕ್ಕಿದರೆ ಒಳಗಿನ ಚೀಟಿಯಲ್ಲಿ ಹೆಸರು, ತಾರೀಕು ಬರೆದು ಇದ್ದಲ್ಲೇ ಇಟ್ಟು ಬರಬೇಕು. ಬಹುಮಾನವೇನೂ ಇಲ್ಲ. ಆದರೂ ಹೊಸ ಡಬ್ಬಿಯ ಚೀಟಿಯಲ್ಲಿ ಮೊದಲ ಸಾಲು ತನ್ನದಾಗಬೇಕೆಂದು ದೊಡ್ಡವರೆನ್ನಿಸಿಕೊಂಡವರೂ ಮಕ್ಕಳ ಹಾಗೆ ಕಿತ್ತಾಡುತ್ತಾರೆ.

ವರಾಂಡದ ಬೆಂಚಿನ ಮೇಲೆ ಲಿಫ್ಟ್ ಅಜ್ಜ ಆಗಲೇ ಕೂತಿದ್ದರು. ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಇವತ್ತಿನ ಡಬ್ಬಿ ಅವರದ್ದೇ. ಪಕ್ಕದಲ್ಲಿ ಒಂದು ಫ್ಲಾಸ್ಕು, ಎರಡು ಲೋಟ, ಬೆಂಚಿನ ಉಳಿದರ್ಧದ ಮೇಲೆ ಅಡ್ಡಕ್ಕೆ ಮಲಗಿಸಿದ ಕೊಡೆ. ಹುಡುಗಿ ಕೊಡೆ ಸರಿಸಿ ಕೂರಲು ಹೋದಳು.

"ಅಲ್ಲಿ ಬೇಡ ಮಗಳೇ, ಆ ಜಾಗ ಹಿಡಿದಿಟ್ಟಿದ್ದೀನಿ" ಎಂದರು ಅಜ್ಜ.

ಹುಡುಗಿ ಮೆಟ್ಟಿಲ ಮೇಲೆ ಕೂತು ದುಪಟ್ಟಾ ಬಿಚ್ಚಿದಳು. ಹೆಬ್ಬೆಟ್ಟಿನ ಗಾತ್ರದ ಡಬ್ಬಿ, ನೋಡಿದರೆ ತುಕ್ಕು ಹಿಡಿದ ನಲ್ಲಿಯ ಮುಚ್ಚಳವೇ ಸರಿ. "ಅಂಕಿ ಹಾಕಿ ಇಪ್ಪತ್ತು ನಿಮಿಷ ಆಗಿಲ್ಲ, ನನಗೆ ಸಿಕ್ತು! ಅಜ್ಜ, ನಿಮ್ಮ ಡಬ್ಬಿ ಯಾವುದು ತೆರೆದ್ರೂ ಮೊದಲ ಸಾಲಲ್ಲಿ ಆ 'ದಾರದುಂಡೆ' ಅಂತ ಹೆಸರು. ಯಾರಪ್ಪಾ ಅದು, ಒಂದು ಸಲಾನೂ ಮುಖ ನೋಡಿಲ್ಲ. ಇವತ್ತು ಮಾತ್ರ ನಾನೇ ಮೊದಲು."

"ಅಜ್ಜನೇ ಬರ್ಕೊಳ್ತಾರೆ ಅಂತ ನನ್ನ ಗುಮಾನಿ" ಎಂದ ಗುಮಾಸ್ತ.

ಅಜ್ಜ ನಗಲಿಲ್ಲ. "ತೆರೆದ್ಯಾ?" ಎಂದು ಕೇಳಿದರು.

"ಇಲ್ಲ, ಚೀಟಿ ನೆನೆಯುತ್ತಲ್ಲ."

"ಹಾಗಾದ್ರೆ ಸ್ವಲ್ಪ ತಡಿ. ಹೇಗಿದ್ರೂ ಮಳೆ ನಿಲ್ಲೋ ಹಾಗಿಲ್ಲ. ದಾರದುಂಡೆ ಯಾರು ಅಂತ ಕೇಳಿದ್ಯಲ್ಲ... ಹೇಳ್ತೀನಿ, ಕೇಳಿ."

ಮೇಷ್ಟ್ರು ಕಂಬಕ್ಕೆ ಒರಗಿದರು. ಅಜ್ಜ ಗಡಿಯಾರ ನೋಡಿಕೊಂಡು ಶುರುಮಾಡಿದರು.

"ಒಬ್ಬ ಮೆಕ್ಯಾನಿಕ್ ಇದ್ದ ಅಂತ ಇಟ್ಕೊಳ್ಳಿ. ಹೆಂಡತಿ ಇಲ್ಲ, ಮಕ್ಕಳಿಲ್ಲ, ತಗಡಿನ ಛಾವಣಿಯ ಒಂದು ರೂಮು, ಒಂದು ಕುರ್ಚಿ, ಒಂದು ತಟ್ಟೆ. ದಿನಾ ಸಾವಿರ ಜನ ಹತ್ತಿ ಇಳಿಯೋ ಲಿಫ್ಟನ್ನ ರಿಪೇರಿ ಮಾಡ್ತಾನೆ, ಆದ್ರೆ ಸಾವಿರದಲ್ಲಿ ಒಬ್ಬರಾದ್ರೂ ಅವನ ಮುಖ ನೋಡ್ಬೇಕಲ್ಲ? ಕರೆಂಟ್ ಹೋಗಿ ಒಳಗೆ ಸಿಕ್ಕಿಹಾಕ್ಕೊಂಡಾಗ ಅಪ್ಪಾ ಅಣ್ಣಾ ಅಂತಾರೆ, ಬಾಗಿಲು ತೆಗೆದ ಮೇಲೆ ಯಾರು ನೀನು ಅಂತಾರೆ. ಅಂಥವನಿಗೆ ಈ ಡಬ್ಬಿ ಬಚ್ಚಿಡೋ ಹುಚ್ಚು ಅಂಟ್ಕೊಳ್ತು. ಕೈಯಲ್ಲಿ ಕೆಲಸ ಇತ್ತು ನೋಡಿ... ಬೋಲ್ಟಿನ ತಲೆ ಥರ ಡಬ್ಬಿ, ಇಟ್ಟಿಗೆ ಚೂರಿನ ಥರ ಡಬ್ಬಿ. ಕಣ್ಣ ಮುಂದೇ ಇದ್ರೂ ಯಾರಿಗೂ ಕಾಣ್ತಿರಲಿಲ್ಲ. ಎಲ್ಲರಿಗೂ ಚಳ್ಳೆಹಣ್ಣು ತಿನ್ನಿಸಿ ಒಳಗೊಳಗೇ ನಗ್ತಿದ್ದ.

"ಒಬ್ಬಳನ್ನ ಬಿಟ್ಟು. ಎಲ್ಲಿಟ್ರೂ ಮುಂದಿನ ಗುರುವಾರ ಆಕೆಗೆ ಸಿಕ್ಕೇ ಸಿಗ್ತಿತ್ತು. ಚೀಟೀಲಿ ಓರೆ ಅಕ್ಷರ, ಕೆಳಗೆ 'ದಾರದುಂಡೆ' ಅಂತ ಹೆಸರು, ಜೊತೆಗೊಂದು ಗುಂಡಿ... ಅಂಗಿ ಗುಂಡಿ. ಹೊಲಿಗೆ ಅಂಗಡಿಯವಳು, ಗುರುವಾರ ಅಂಗಡಿಗೆ ರಜ. ಇಷ್ಟೆಲ್ಲ ಅವನು ಆ ಒಂದೊಂದು ಸಾಲಿಂದಲೇ ತಿಳ್ಕೊಂಡಿದ್ದು. 'ಬೋಲ್ಟಿಗೆ ತುಕ್ಕು ಚೆನ್ನಾಗಿ ಬಳಿದಿದ್ದೀರಿ, ಆದರೆ ಪಕ್ಕದವುಗಳ ಮೇಲೆ ಜೇಡರ ಬಲೆ ಇತ್ತು, ಇದರ ಮೇಲಿರಲಿಲ್ಲ' ಅಂತ ಒಂದು ಸಲ ಬರೆದಿದ್ಲು. ಆ ಸಾಲನ್ನ ಎಷ್ಟು ಸಲ ಓದಿದ ಗೊತ್ತಾ? ಅವನ ಕೆಲಸಾನ ಅಷ್ಟು ಹತ್ತಿರದಿಂದ ನೋಡಿದವರು ಆವರೆಗೆ ಯಾರೂ ಇರಲಿಲ್ಲ ಕಣ್ರಪ್ಪಾ. ಎರಡು ವರ್ಷ... ಮುಖ ನೋಡಿಲ್ಲ, ದನಿ ಕೇಳಿಲ್ಲ. ಬರೀ ಚೀಟಿ, ಬರೀ ಗುಂಡಿ."

"ಅಜ್ಜ, ಅದು ನೀವೇ ತಾನೆ?" ಎಂದಳು ಹುಡುಗಿ.

"ನೀನು ಸುಮ್ನೆ ಕೇಳು. ಒಂದಿನ ಅವನಿಗೆ ಧೈರ್ಯ ಬಂತು. ಒಂದು ಪತ್ರ ಬರೆದ. 'ಗುರುವಾರ ನಾಲ್ಕು ಗಂಟೆಗೆ ಟೀ ಮಾಡಿಟ್ಟಿರುತ್ತೇನೆ, ಬನ್ನಿ.' ವಿಳಾಸ ಬರೀಬೇಕಿತ್ತೋ ಬೇಡ್ವೋ? ಆದ್ರೆ ಈ ಹುಚ್ಚು ಹತ್ತಿದವರ ಬುದ್ಧಿ ನಿಮಗೆ ಗೊತ್ತಲ್ಲ... ಬೀದಿ ಹೆಸರು, ಬಾಗಿಲ ನಂಬರು ಬರೆದ್ರೆ ಏನು ಸೊಗಸು ಅಂತ, ರೂಮಿನ ಕಿಟಕಿ ಹತ್ರ ನಿಂತು ಫೋನಲ್ಲಿ ಬಂದ ಅಂಕಿ ಬರೆದ! ಹಳೇ ಗೋದಾಮಿನ ಹಿಂದೆ ಕಬ್ಬಿಣದ ಮೆಟ್ಟಿಲಿದೆಯಲ್ಲ, ಅದರ ಕಂಬಿಯೊಳಗೆ ಡಬ್ಬಿ ಇಟ್ಟು, ಅದರಲ್ಲಿ ಪತ್ರ ಮಡಚಿಟ್ಟು, ಯಾರಾದ್ರೂ ನೋಡಿಬಿಟ್ಟಾರು ಅನ್ನೋ ನಾಚಿಕೇಲಿ ಅಲ್ಲಿನ ಅಂಕೀನೂ ಹಾಗೇ ಒಂದೇ ಸಲ ತಗೊಂಡು ಓಡಿಬಂದ. ಮೇಷ್ಟ್ರೇ, ಸುತ್ತ ಕಬ್ಬಿಣ, ತಗಡು ಇರೋ ಕಡೆ ನಾವು ಏನು ಮಾಡ್ತೀವಿ?"

"ಅರ್ಧ ಗಂಟೆ ನಿಂತು, ಹತ್ತು ಸಲ ಅಳತೆ ತಗೊಂಡು, ಸರಾಸರಿ ಹಾಕ್ತೀವಿ" ಎಂದರು ಮೇಷ್ಟ್ರು. "ಇಲ್ಲಾಂದ್ರೆ ಫೋನಿಗೆ ದಿಕ್ಕು ತಪ್ಪುತ್ತೆ."

"ತಪ್ಪಿತು. ನಲವತ್ತು ಹೆಜ್ಜೆ.

"ಆಕೆ ಬಂದಳು. ಅಂಕಿ ತೋರಿಸಿದ್ದು ಗೋದಾಮಿನ ಆಚೆ, ಪೈಪು ರಾಶಿ ಹಾಕಿರೋ ಬಯಲನ್ನ. ಹುಡುಕಿದಳು. ಅಂತರ್ಜಾಲದ ಪುಟದಲ್ಲಿ ಬರೆದಳು, 'ಸಿಗಲಿಲ್ಲ.' ಮುಂದಿನ ಗುರುವಾರ ಮತ್ತೆ 'ಸಿಗಲಿಲ್ಲ'. ಹನ್ನೊಂದು ಗುರುವಾರ! ಎರಡು ಮೂರು ಸಲ ಸಿಗಲಿಲ್ಲ ಅಂತ ಬಂದ್ರೆ ಡಬ್ಬಿ ಇಟ್ಟವನು ಹೋಗಿ ನೋಡ್ಬೇಕು, ಅದು ನಮ್ಮಲ್ಲಿ ನಿಯಮ. ಇವನು ಹೋದನಾ? ಇಲ್ಲ. ಕೊನೆಗೂ ಅವಳನ್ನ ಸೋಲಿಸಿದೆ ಅಂತ ಹಿಗ್ಗು. ಪತ್ರ ಓದಿ ನಕ್ಕುಬಿಟ್ರೆ ಅನ್ನೋ ಹೆದರಿಕೆ ಬೇರೆ. ಸಿಗದೇ ಇರೋವರೆಗೆ ಬರ್ತಾಳಲ್ಲ, ಬರೀತಾಳಲ್ಲ... ಅಷ್ಟೇ ಸಾಕಾಗಿತ್ತು ಪಾಪಿಗೆ.

"ಹನ್ನೆರಡನೇ ಗುರುವಾರ ಏನೂ ಬರಲಿಲ್ಲ. ಹದಿಮೂರನೇದಕ್ಕೂ ಇಲ್ಲ. ತಿಂಗಳು ಕಳೆದ ಮೇಲೆ ಅದೇ ಪುಟದಲ್ಲಿ ಬೇರೆ ಯಾರೋ ಬರೆದಿದ್ರು. 'ದಾರದುಂಡೆ ಅನ್ನುವ ಹೆಸರಲ್ಲಿ ಹುಡುಕುತ್ತಿದ್ದವರು ನಮ್ಮ ಚಿಕ್ಕಮ್ಮ. ಹೋದ ತಿಂಗಳು ಮೂರನೇ ತಾರೀಕು ತೀರಿಕೊಂಡರು. ಇದೊಂದು ಸಿಗಲಿಲ್ಲ ಅಂತ ಆಸ್ಪತ್ರೆಯಲ್ಲೂ ಹೇಳುತ್ತಿದ್ದರು. ಎಲ್ಲಿಟ್ಟಿದ್ದೀರಿ ಅಂತ ದಯವಿಟ್ಟು ನಮಗಾದರೂ ಹೇಳಿ.'"

ಗುಮಾಸ್ತ ಫೋನು ಜೇಬಿಗಿಟ್ಟ. ಮಳೆ ಹೆಂಚಿನಿಂದ ಧಾರೆಯಾಗಿ ಸುರಿಯುತ್ತಿತ್ತು. ಅಜ್ಜನ ದನಿ ಕೇಳಲು ಮೂವರೂ ಸ್ವಲ್ಪ ಮುಂದೆ ಸರಿದರು.

"ಓಡಿದ. ಕೆಲಸದ ಬಟ್ಟೇಲೇ ಓಡಿದ. ಫೋನು ಹಿಡಿದು ನೋಡಿದ್ರೆ ಬಾಣ ಪೈಪಿನ ಬಯಲಲ್ಲಿ ನಿಂತಿದೆ... ಅಲ್ಲಿ ಹುಲ್ಲೆಲ್ಲ ತುಳಿದು ಸವೆದು ಹೋಗಿತ್ತು, ಒಬ್ಬಳೇ ತಿರುಗಿ ತಿರುಗಿ. ಅದನ್ನ ನೋಡಿ ಕುಸಿದು ಕೂತು ಮಗು ಥರ ಅತ್ತ. ಆಮೇಲೆ ಎದ್ದು ಮೆಟ್ಟಿಲ ಹತ್ರ ಹೋದ, ಕಂಬಿಯೊಳಗಿಂದ ಡಬ್ಬಿ ತೆಗೆದ, ತೆರೆದ.

"ಪತ್ರ ಇರಲಿಲ್ಲ.

"ಒಂದು ಹಸಿರು ಗುಂಡಿ ಇತ್ತು. ಚೀಟೀಲಿ ಓರೆ ಅಕ್ಷರ. 'ಸಿಕ್ಕಿತು. ಬರುತ್ತೇನೆ.' ಕೆಳಗೆ ತಾರೀಕು... ಹನ್ನೆರಡು. ಆಕೆ ಮೂರಕ್ಕೆ ತೀರಿಕೊಂಡ ಅದೇ ತಿಂಗಳ ಹನ್ನೆರಡು.

"ಯಾರೋ ಹುಡುಗಾಟ ಆಡಿದ್ದಾರೆ ಅಂತಲೇ ಅಂದ್ಕೊಂಡ. ವಿಚಾರಿಸ್ಕೊಂಡು, ಪುಟದಲ್ಲಿ ಹಾಗೆ ಬರೆದಿದ್ದ ಆಕೆಯ ಅಕ್ಕನ ಮಗಳ ಮನೆಗೆ ಹೋದ. ಆ ಹೆಣ್ಣುಮಗಳು ಚೀಟಿ ನೋಡಿ 'ಚಿಕ್ಕಮ್ಮನ ಕೈಬರಹ' ಅಂದ್ಲು. ಗುಂಡಿ ನೋಡಿದವಳು ಗೋಡೆ ಹಿಡ್ಕೊಂಡ್ಲು. 'ಇದು ಅವರ ಬೂದು ಸ್ವೆಟರಿಂದು. ಚಳಿ ಚಳಿ ಅಂತಿದ್ರು ಅಂತ ಕೊನೇ ದಿನ ನಾನೇ ಅದನ್ನ ಹಾಕಿ, ಎಲ್ಲಾ ಗುಂಡೀನೂ ಹಾಕಿ ಸ್ಮಶಾನಕ್ಕೆ ಕಳಿಸಿದೀನಿ' ಅಂದ್ಲು."

ಹುಡುಗಿಗೆ ತನ್ನ ಕೈಯಲ್ಲಿದ್ದ ಡಬ್ಬಿ ಇದ್ದಕ್ಕಿದ್ದ ಹಾಗೆ ತಣ್ಣಗೆನಿಸಿತು. ಮಳೆಯಲ್ಲಿ ನೆನೆದದ್ದಲ್ಲವೇ, ಅದಕ್ಕೇ ಇರಬೇಕು ಎಂದುಕೊಂಡಳು.

"ಹೆದರಿದನಾ ಅಂತೀರಾ? ಹೆದರಿದ. ಮೂರು ದಿನ. ನಾಲ್ಕನೇ ದಿನ ಪೇಟೆಗೆ ಹೋಗಿ ಇನ್ನೊಂದು ಕುರ್ಚಿ ತಂದ. ಬರ್ತೀನಿ ಅಂತ ಬರೆದಿದ್ದಾಳಲ್ಲ! ಗುರುವಾರ ನಾಲ್ಕಕ್ಕೆ ಟೀ ಮಾಡಿ, ಎರಡು ಲೋಟಕ್ಕೆ ಬಗ್ಗಿಸಿ, ಬಾಗಿಲು ತೆರೆದಿಟ್ಟು ಕೂತ. ಬರಲಿಲ್ಲ. ಹೊಸ ಡಬ್ಬಿ ಇಟ್ಟ, ಮಾರನೇ ದಿನ ತಾನೇ ಹೋಗಿ ನೋಡಿದ್ರೆ ಮೊದಲ ಸಾಲು ಆಕೆದೇ. 'ಗುರುವಾರ ಬಂದಿದ್ದೆ. ಸಿಗಲಿಲ್ಲ.' ಇನ್ನೊಂದು ಇಟ್ಟ, 'ಬಂದಿದ್ದೆ. ಸಿಗಲಿಲ್ಲ.' ಒಂಬತ್ತು ವರ್ಷ! ಇವನು ಬಾಗಿಲಲ್ಲಿ ಕಣ್ಣಿಟ್ಟು ಕೂತಿದ್ದಾನೆ, ಆಕೆ ಬಂದಿದ್ದೆ ಅಂತಾಳೆ. ಸತ್ತ ಮೇಲೂ ನನ್ನ ಜೊತೆ ಆಟ ಆಡ್ತೀಯಾ ಅಂತ ಸಿಟ್ಟು ಮಾಡ್ಕೊಂಡಿದ್ದೂ ಉಂಟು.

"ಹೋದ ತಿಂಗಳು ಅವನ ರೂಮಿನ ಹಿಂದಿನ ಬೀದೀಲಿ, ವರ್ಷಗಟ್ಟಲೆ ಬೀಗ ಹಾಕಿದ್ದ ಮಳಿಗೆಗೆ ಒಬ್ಬ ಪ್ರಿಂಟಿಂಗ್ ಪ್ರೆಸ್ಸಿನವನು ಬಾಡಿಗೆಗೆ ಬಂದ. ಒಂದಿನ ಮಾತಿಗೆ ಮಾತು ಬಂದು ಹೇಳಿದ, 'ಎಲ್ಲಾ ಸರಿ ಇದೆ ಸ್ವಾಮಿ, ಗುರುವಾರ ಗುರುವಾರ ನಾಲ್ಕು ಗಂಟೆಗೆ ಯಾರೋ ಹಿಂದಿನ ಬಾಗಿಲು ತಟ್ಟುತಾರೆ. ತೆಗೆದ್ರೆ ಯಾರೂ ಇರಲ್ಲ.'

"ಅರ್ಥ ಆಯ್ತಾ? ಇವನು ಹಳೇ ಪುಸ್ತಕ ತೆಗೆದು, ಅದರಲ್ಲಿ ಗುರುತು ಹಾಕ್ಕೊಂಡಿದ್ದ ಆ ಪತ್ರದ ಅಂಕಿ ಫೋನಿಗೆ ಹಾಕ್ಕೊಂಡು ನಡೆದ. ಬಾಣ ಇವನ ರೂಮು ದಾಟಿ, ಮೋರಿ ದಾಟಿ, ಆ ಬಾಗಿಲ ಮುಂದೆ ನಿಂತಿತು. ತಗಡಿನ ಛಾವಣಿ ಕೆಳಗೆ ಒಂದೇ ಸಲ ತಗೊಂಡ ಅಂಕಿ... ಎಣಿಸಿದ. ನಲವತ್ತು ಹೆಜ್ಜೆ. ಒಂಬತ್ತು ವರ್ಷ ಇವನು ಇಲ್ಲಿ ಟೀ ಆರಿಸ್ಕೊಂಡು ಕೂತಿದ್ದಾನೆ, ಆಕೆ ಅಲ್ಲಿ ಬೀಗ ಹಾಕಿದ ಬಾಗಿಲು ತಟ್ಟುತಾ ನಿಂತಿದ್ದಾಳೆ. ಪುಟದಲ್ಲಿರೋ ಅಂಕಿ ತಿದ್ದಬಹುದು. ಆಕೆ ತಗೊಂಡು ಹೋದ ಪತ್ರ ತಿದ್ದೋಕಾಗುತ್ತಾ? ಹೇಳಿ, ಆಗುತ್ತಾ?"

ಅಜ್ಜ ಕರವಸ್ತ್ರದಿಂದ ಕಣ್ಣೊರೆಸಿಕೊಂಡು ಮತ್ತೆ ಗಡಿಯಾರ ನೋಡಿದರು.

"ಅದಕ್ಕೇ ಇನ್ನೊಂದು ಪತ್ರ ಬರೆದೆ. ಬರೆದು ಇವತ್ತು ಬೆಳಿಗ್ಗೆ ಆ ಡಬ್ಬೀಲಿ ಇಟ್ಟೆ. ಈಗ ತೆರಿ ಮಗಳೇ."

ಹುಡುಗಿ ಮುಚ್ಚಳ ತಿರುಗಿಸಿದಳು. ಒಳಗೆ ಪತ್ರವಿರಲಿಲ್ಲ. ಸುರುಳಿ ಸುತ್ತಿದ ಹೊಸ ಚೀಟಿ, ಅದಕ್ಕೆ ಸುತ್ತಿದ ಒಂದೆಳೆ ಹಸಿರು ದಾರ. ಅವಳು ದಾರ ಬಿಚ್ಚಿ ಚೀಟಿ ಹರವಿದಳು. ಮೊದಲ ಸಾಲು ತುಂಬಿತ್ತು. ಓರೆ ಅಕ್ಷರ, ಇವತ್ತಿನದೇ ತಾರೀಕು.

"ಓದು" ಎಂದರು ಅಜ್ಜ.

"'ಈಗ ಗೊತ್ತಾಯಿತು'" ಎಂದು ಓದಿದಳು ಹುಡುಗಿ. "'ಬರುತ್ತೇನೆ.'"

"ಎಲ್ಲಿಗೆ ಅಜ್ಜ?" ಗುಮಾಸ್ತನ ದನಿ ಪಿಸುಮಾತಾಗಿತ್ತು. "ಯಾವ ಜಾಗ ಬರೆದಿದ್ರಿ?"

ಅಜ್ಜ ಬೆಂಚಿನ ಮೇಲಿನ ಕೊಡೆ ತೆಗೆದು ಗೋಡೆಗೆ ಒರಗಿಸಿ, ಆ ಜಾಗವನ್ನು ಕರವಸ್ತ್ರದಿಂದ ಒರೆಸಿದರು. ಫ್ಲಾಸ್ಕಿನ ಮುಚ್ಚಳ ತೆಗೆದು ಎರಡು ಲೋಟಕ್ಕೂ ಟೀ ಬಗ್ಗಿಸಿದರು. ಇವತ್ತು ಗುರುವಾರವೆಂದು ಹುಡುಗಿಗೆ ಆಗ ನೆನಪಾಯಿತು. ಅವಳ ಫೋನಿನಲ್ಲಿ ನಾಲ್ಕಕ್ಕೆ ಒಂದು ನಿಮಿಷವಿತ್ತು.

"ಹೆದರ್ಕೋಬೇಡಿ. ಆ ಮೆಟ್ಟಿಲಿಂದ ಸ್ವಲ್ಪ ಸರಿದು, ದಾರಿ ಬಿಟ್ಟು ಕೂತ್ಕೊಳ್ಳಿ" ಎಂದರು ಅಜ್ಜ, ಮಳೆಯ ಕಡೆ ನೋಡುತ್ತ. "ಈ ಸಲ ತಪ್ಪೋದಿಲ್ಲ. ಇಲ್ಲೇ ಇದೇ ಬೆಂಚಿನ ಹತ್ರ, ಒಂದು ಇಡೀ ದಿನ ನಿಂತು ಅಳತೆ ತಗೊಂಡಿದ್ದೀನಿ."